‘ಹ್ಯಾವ್’ ಅಂದ್ರೆ ‘ಹೊಂದಿರು’ ಅಂತ ಕಲಿಸಿದರೆ ಎಲ್ಲೆಲ್ಲಿ ಎಡವುತ್ತಾರೆ?

ಅಕ್ಷರಪ್ರಿಯ:
ನಿಘಂಟು ತೆರೆದರೆ ‘ಹ್ಯಾವ್’ ಎದುರು ‘ಹೊಂದಿರು, ಪಡೆದಿರು, ಉಳ್ಳವನಾಗಿರು’ ಅಂತ ಇರುತ್ತೆ. ಆದರೆ "ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ" ಅಂತ ಯಾರ ಮನೆಯಲ್ಲೂ ಮಾತಾಡಲ್ಲ. ಅದೂ ಸಾಲದು ಅಂತ "ಐ ಹ್ಯಾವ್ ಟು ಗೋ", "ಐ ಹ್ಯಾವ್ ಸೀನ್ ಇಟ್", "ಹ್ಯಾವ್ ಸಮ್ ಕಾಫಿ", "ಐ ಹ್ಯಾಡ್ ಇಟ್ ರಿಪೇರ್ಡ್" ಎಲ್ಲ ಇವೆ. ಇಲ್ಲೆಲ್ಲ ಹೊಂದುವುದು ಏನಿದೆ? ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಇದನ್ನ ಎಲ್ಲಿಂದ ಶುರು ಮಾಡಬೇಕು? ಅರ್ಥಗಳ ಪಟ್ಟಿ ಬೇಡ. ತಪ್ಪು ಎಲ್ಲಿ ಆಗುತ್ತೆ, ಯಾಕೆ ಆಗುತ್ತೆ ಅಂತ ಗೊತ್ತಿರೋರು ಹೇಳಿ.

ನಾಲ್ಕನೇ ವಿಭಕ್ತಿ:
‘ಹೊಂದಿರು’ ಮೊದಲು ಬಿಟ್ಟುಬಿಡಿ. ಕನ್ನಡದಲ್ಲಿ ಈ ಕೆಲಸ ಮಾಡೋದು ‘ಇರು’. ನಮ್ಮಲ್ಲಿ ಒಡೆಯ ವಾಕ್ಯದ ಕರ್ತೃ ಅಲ್ಲ. ಅವನು ಚತುರ್ಥಿಯಲ್ಲಿ ಒಂದು ಪಕ್ಕಕ್ಕೆ ನಿಂತಿರುತ್ತಾನೆ, ಅವನ ವಸ್ತುವೇ ಕರ್ತೃ. "ಅವನಿಗೆ ಇಬ್ಬರು ಮಕ್ಕಳಿದ್ದಾರೆ" ಅನ್ನೋದರಲ್ಲಿ ‘ಇದ್ದಾರೆ’ ಹೊಂದಿಕೊಂಡಿರೋದು ಮಕ್ಕಳಿಗೆ, ಅವನಿಗಲ್ಲ. ಇಂಗ್ಲಿಷಿನಲ್ಲಿ ಒಡೆಯನೇ ಮುಂದೆ ಬಂದು ಕೂರುತ್ತಾನೆ, ಕ್ರಿಯಾಪದ ಅವನ ಮಾತು ಕೇಳುತ್ತೆ: "ಹಿ ಹ್ಯಾಸ್ ಟೂ ಚಿಲ್ಡ್ರನ್".

ಮಕ್ಕಳು "ಹಿ ಹ್ಯಾವ್ ಟೂ ಚಿಲ್ಡ್ರನ್" ಅಂತ ಬರೆಯೋದಕ್ಕೆ ಇದೂ ಒಂದು ಕಾರಣ. ‘ಹ್ಯಾಸ್’ ಮರೆತಿದ್ದಾರೆ ಅಂತ ಎಲ್ಲ ಸಲ ಅಂದುಕೊಳ್ಳಬೇಡಿ. ಮನಸ್ಸಿನಲ್ಲಿ ‘ಇದ್ದಾರೆ’ ಬಹುವಚನ ಓಡುತ್ತಿರುತ್ತೆ, ಮಕ್ಕಳು ಇಬ್ಬರು, ಹಾಗಾಗಿ ‘ಹ್ಯಾವ್’. "ನನಗೆ ಒಬ್ಬ ತಮ್ಮ ಇದ್ದಾನೆ" ಅನ್ನೋದು "ಐ ಹ್ಯಾಸ್ ಒನ್ ಬ್ರದರ್" ಆಗೋದೂ ಅದೇ ದಾರಿಯಲ್ಲಿ. ‘ಹಿ, ಶಿ, ಇಟ್ ಬಂದರೆ ಹ್ಯಾಸ್’ ಅಂತ ನೂರು ಸಲ ಬಾಯಿಪಾಠ ಮಾಡಿಸಿದರೂ ಈ ತಪ್ಪು ಹೋಗಲ್ಲ. ವಾಕ್ಯದಲ್ಲಿ ‘ಹ್ಯಾವ್’ನ ಬಲಕ್ಕಿರೋದನ್ನ ಕೈಯಿಂದ ಮುಚ್ಚಿಸಿ, ಎಡಕ್ಕೆ ಯಾರಿದ್ದಾರೆ ಅಂತ ಮಾತ್ರ ಕೇಳಿ. ಬಲಕ್ಕೆ ಒಂದಿದ್ದರೂ ನೂರಿದ್ದರೂ ಲೆಕ್ಕಕ್ಕಿಲ್ಲ.

ಕಡಲತೀರ:
ಇದಕ್ಕೆ ಒಂದು ಸೇರಿಸ್ಬೇಕು. ಕನ್ನಡದಲ್ಲಿ ಒಡೆತನ ಒಂದೇ ಬಗೆ ಅಲ್ಲ ಮಾರಾಯ್ರೆ. "ನನಗೆ ಇಬ್ಬರು ಮಕ್ಕಳು ಉಂಟು" ಬೇರೆ, "ನನ್ನ ಹತ್ರ ಇಬ್ಬರು ಮಕ್ಕಳು ಉಂಟು" ಬೇರೆ. ಎರಡನೆಯದ್ರಲ್ಲಿ ಯಾರದ್ದೋ ಮಕ್ಕಳು ಸದ್ಯಕ್ಕೆ ನನ್ನ ಜೊತೆ ಇದ್ದಾರೆ ಅಂತ ಅರ್ಥ ಬಂದೀತು. ಸಂಬಂಧ, ಕಾಯಿಲೆ, ಸಮಯ, ಆಸ್ತಿಗೆ ‘ಗೆ’. ಕೈಯಲ್ಲಿ ಕಿಸೆಯಲ್ಲಿ ಇರೋದಕ್ಕೆ ‘ಹತ್ರ’. ಮನೆಗೆ ಕೋಣೆ, ಪುಸ್ತಕಕ್ಕೆ ಪುಟ, ಅಂಥದ್ದಕ್ಕೆ ಹೆಚ್ಚಾಗಿ ‘ಅಲ್ಲಿ’. ಇಂಗ್ಲಿಷ್ ಈ ಮೂರನ್ನೂ ಒಂದೇ ಚೀಲಕ್ಕೆ ತುಂಬ್ತದೆ.

ಮೂರನೆಯದ್ರಲ್ಲಿ ನಮ್ಮವರು ಜಾಸ್ತಿ ಜಾರುವುದು. "ಇನ್ ದಿಸ್ ಹೌಸ್ ತ್ರೀ ರೂಮ್ಸ್ ಆರ್ ದೇರ್" ಅಂತ ಹೇಳ್ತಾರೆ. ಜೀವ ಇಲ್ಲದ ಮನೆ ಹೇಗೆ ‘ಹ್ಯಾವ್’ ಮಾಡ್ತದೆ ಅನ್ನುವ ಅನುಮಾನ. ಇಂಗ್ಲಿಷಿಗೆ ಆ ತಕರಾರು ಇಲ್ಲ, "ದಿಸ್ ಹೌಸ್ ಹ್ಯಾಸ್ ತ್ರೀ ರೂಮ್ಸ್" ಅಂದ್ರೆ ಮುಗೀತು. ‘ದೇರ್’ ಬೇಕೇ ಬೇಕಾದ್ರೆ ಅದು ವಾಕ್ಯದ ತಲೆಗೆ ಹೋಗ್ಬೇಕು: "ದೇರ್ ಆರ್ ತ್ರೀ ರೂಮ್ಸ್ ಇನ್ ದಿಸ್ ಹೌಸ್". ಕಡೆಯಲ್ಲಿ ಬರುವ ‘ಆರ್ ದೇರ್’ ನಮ್ಮ ‘ಇವೆ’ಯ ನೆರಳು.

ಧಾರವಾಡ ಪೇಢಾ:
ನಮ್ ಕಡೆ "ನಿನ್ ಕಡೆ ರೊಕ್ಕ ಐತೇನು" ಅಂತೀವ್ರಿ, ಅದೂ ಅದss. ಒಂದ್ ಮಾತು: ಇದು ಕನ್ನಡದ ಕೊರತಿ ಅಂತ ಯಾರೂ ತಿಳ್ಕೋಬ್ಯಾಡ್ರಿ. ತಮಿಳು, ತೆಲುಗು, ಹಿಂದಿ ಯಾವುದರಾಗೂ ‘ಹ್ಯಾವ್’ಗೆ ನೇರ ಪದ ಇಲ್ಲ. ರಷ್ಯನ್ ಭಾಷಾದಾಗೂ "ನನ್ನ ಬಳಿ ಪುಸ್ತಕ ಇದೆ" ಅನ್ನೋ ಧಾಟಿನೇ. ಟರ್ಕಿಷ್‌ದಾಗ "ನನ್ನ ಪುಸ್ತಕ ಉಂಟು" ಅಂತಾರ.

ಪದಮೂಲ:
ಬೇರು ನೋಡಿದರೂ ಮಜಾ ಇದೆ. ಹಳೆಯ ಇಂಗ್ಲಿಷಿನಲ್ಲಿ ಇದು ‘ಹಬ್ಬನ್’ (ನಮ್ಮ ಹಬ್ಬಕ್ಕೂ ಅದಕ್ಕೂ ಏನೂ ಇಲ್ಲ), ಜರ್ಮನ್ನಿನ ‘ಹಾಬೆನ್’ ಅದರ ದಾಯಾದಿ. ಲ್ಯಾಟಿನ್ನಿನ ‘ಹಬೇರೆ’ಗೂ ಅರ್ಥ ಇದೇ, ಸದ್ದೂ ಹತ್ತಿರ, ಆದರೆ ನೆಂಟಸ್ತಿಕೆ ಇಲ್ಲ. ಲ್ಯಾಟಿನ್ನಿನಲ್ಲಿ ಇದರ ನಿಜವಾದ ನೆಂಟ ‘ಕಾಪೆರೆ’, ಅಂದರೆ ಹಿಡಿ. ‘ಕ್ಯಾಪ್ಚರ್’ ಬಂದಿರೋದು ಅಲ್ಲಿಂದ. ಅಂದರೆ ‘ಹ್ಯಾವ್’ನ ತಳದಲ್ಲಿರೋದು ‘ಕೈಯಲ್ಲಿ ಹಿಡಿ’. ನಮ್ಮ ‘ಹೊಂದು’ವಿಗೆ ಮೂಲದಲ್ಲಿ ಸೇರು, ಕೂಡಿಕೊಳ್ಳು, ತಲುಪು ಅನ್ನೋ ಅರ್ಥ: ಹೊಂದಿಕೆ, ಮರಣ ಹೊಂದಿದರು. ಎರಡೂ ಬೇರೆ ಬೇರೆ ಕಡೆಯಿಂದ ಹೊರಟು ನಿಘಂಟಿನಲ್ಲಿ ಎದುರುಬದುರಾಗಿವೆ.

ಅಕ್ಷರಪ್ರಿಯ:
ಒಡೆತನದ್ದು ಸ್ಪಷ್ಟ ಆಯ್ತು. ಹಾಗಾದರೆ "ಐ ಹ್ಯಾವ್ ರಿಟನ್" ಇದರಲ್ಲಿ ‘ಹ್ಯಾವ್’ ಯಾಕೆ?

ನಾಲ್ಕನೇ ವಿಭಕ್ತಿ:
ಹಿಂದೆ ಅದು "ಬರೆದ ಪತ್ರ ನನ್ನ ಕೈಯಲ್ಲಿದೆ" ಅನ್ನೋ ಅರ್ಥದ ವಾಕ್ಯ, "ಐ ಹ್ಯಾವ್ ದ ಲೆಟರ್ ರಿಟನ್" ಅನ್ನೋ ಥರ. ಬರೆದ ಪತ್ರ ಕೈಯಲ್ಲಿದೆ ಅಂದ ಮೇಲೆ ಬರೆಯೋ ಕೆಲಸ ಮುಗಿದಿದೆ. ಬರುಬರುತ್ತಾ ಒಡೆತನ ಸವೆದು ಮುಗಿದ ಕೆಲಸ ಮಾತ್ರ ಉಳೀತು, ಪದಗಳ ಸಾಲೂ ಬದಲಾಗಿ "ಐ ಹ್ಯಾವ್ ರಿಟನ್ ದ ಲೆಟರ್" ಆಯ್ತು.

ಈಗ ಕನ್ನಡ ಬಿಡಿಸಿ ನೋಡಿ: ಬರೆದು + ಇದ್ದೇನೆ = ಬರೆದಿದ್ದೇನೆ. ಇಲ್ಲೂ ಅದೇ ‘ಇರು’. ಒಡೆತನಕ್ಕೂ ‘ಇರು’, ಮುಗಿದ ಕೆಲಸಕ್ಕೂ ‘ಇರು’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹ್ಯಾವ್’. ಮಕ್ಕಳಿಗೆ ಇದೊಂದು ಜೋಡಿ ತೋರಿಸಿದರೆ ಅರ್ಧ ಭಯ ಹೋಗುತ್ತೆ. ಇದರ ಬೆನ್ನಿಗೇ ಸಹಾಯಕ ಕ್ರಿಯಾಪದಗಳನ್ನ ಹೇಳಿಕೊಡಿ, ಒಂದಕ್ಕೊಂದು ಅಂಟಿದ ಹಾಗೆ ಕೂರುತ್ತವೆ:

ತಲುಪಿರುತ್ತಾನೆ: "ಹಿ ವಿಲ್ ಹ್ಯಾವ್ ರೀಚ್ಡ್".
ತಲುಪಿರಬೇಕು: "ಹಿ ಮಸ್ಟ್ ಹ್ಯಾವ್ ರೀಚ್ಡ್".
ತಲುಪಿರಬಹುದು: "ಹಿ ಮೇ ಹ್ಯಾವ್ ರೀಚ್ಡ್".
ತಲುಪಿರಲಾರ: "ಹಿ ಕಾಂಟ್ ಹ್ಯಾವ್ ರೀಚ್ಡ್".

ಈ ಜಾಗದಲ್ಲಿ ಕರ್ತೃ ಯಾರೇ ಆಗಲಿ ಬರಿ ‘ಹ್ಯಾವ್’. "ಹಿ ಮಸ್ಟ್ ಹ್ಯಾಸ್" ಅನ್ನೋದು ಇಲ್ಲವೇ ಇಲ್ಲ.

ಸಂಜೆಬಸ್:
ಜೋಡಿ ಚೆನ್ನಾಗಿದೆ, ಆದರೆ ಅದನ್ನೇ ನಂಬಿ ಕೂತರೆ ಗುಂಡಿಗೆ ಬೀಳ್ತಾರೆ. "ನಿನ್ನೆ ಮೈಸೂರಿಗೆ ಹೋಗಿದ್ದೆ" ಅನ್ನೋದನ್ನ ಹೋಗಿ + ಇದ್ದೆ ಅಂತ ಬಿಡಿಸಿ "ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್ಡೇ" ಅಂತಾರೆ. ಬೆಂಗಳೂರಿನ ಯಾವ ಆಫೀಸಿನಲ್ಲಿ ನಿಂತರೂ ದಿನಕ್ಕೆ ಹತ್ತು ಸಲ ಕಿವಿಗೆ ಬೀಳೋ ವಾಕ್ಯ ಇದು.

ಕನ್ನಡದಲ್ಲಿ ‘ಹೋಗಿದ್ದೆ’ ಅಂದರೆ ಹೋಗಿ ವಾಪಸ್ ಬಂದಾಗಿದೆ, ಆ ಅಧ್ಯಾಯ ಮುಗೀತು ಅಂತ. ಒಂಟಿಯಾಗಿ ಬಂದರೂ ನಡೆಯುತ್ತೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಒಂಟಿಯಾಗಿ ನಿಲ್ಲಲ್ಲ, ಅದಕ್ಕೆ ಆಮೇಲೆ ನಡೆದ ಇನ್ನೊಂದು ಘಟನೆಯ ಆಸರೆ ಬೇಕು. "ನಾನು ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಬಸ್ಸು ಹೋಗಿತ್ತು": ಇಲ್ಲಿ ಎರಡು ಘಟನೆ, ಮೊದಲು ಆದದ್ದು ಬಸ್ಸು ಹೋದದ್ದು, ಅದಕ್ಕೆ ‘ಹ್ಯಾಡ್ ಲೆಫ್ಟ್’. ಎರಡನೇ ಘಟನೆ ಇಲ್ಲ ಅಂದರೆ ನೇರವಾಗಿ "ಐ ವೆಂಟ್ ಟು ಮೈಸೂರ್ ಯೆಸ್ಟರ್ಡೇ". ‘ಹ್ಯಾಡ್’ ಬರೆದವರನ್ನ ಒಂದೇ ಪ್ರಶ್ನೆ ಕೇಳಿ: "ಯಾವುದಕ್ಕಿಂತ ಮೊದಲು?" ಉತ್ತರ ಮಾತಿನಲ್ಲೂ ಇಲ್ಲ, ಹಿಂದಿನ ವಾಕ್ಯದಲ್ಲೂ ಇಲ್ಲ ಅಂದರೆ ‘ಹ್ಯಾಡ್’ ಹೊಡೆದುಹಾಕಿ.

ತದ್ವಿರುದ್ಧ ತಪ್ಪೂ ಇದೆ: "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ". ನಿನ್ನೆ, ಹೋದ ವಾರ, 2019ರಲ್ಲಿ ಅಂತ ಮುಗಿದ ಕಾಲ ಹೇಳಿದ ಮೇಲೆ ‘ಹ್ಯಾವ್ ಸೀನ್’ ಬರಲ್ಲ, ‘ಸಾ’ ಸಾಕು. ಕನ್ನಡದಲ್ಲಿ "2019ರಲ್ಲೇ ನೋಡಿದ್ದೇನೆ" ನಡೆಯೋದರಿಂದ ಕಿವಿಗೆ ತಪ್ಪು ಅನ್ನಿಸೋದೇ ಇಲ್ಲ.

ಕಡಲತೀರ:
‘ಇಂದ’ದ ಕಥೆಯನ್ನೂ ಹೇಳಿ. "ಹತ್ತು ವರ್ಷದಿಂದ ಇಲ್ಲಿದ್ದೇನೆ", ಕನ್ನಡದಲ್ಲಿ ವರ್ತಮಾನ. ಅದಕ್ಕೆ "ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್" ಅಂತ ಬರ್ತದೆ. ಅದರಲ್ಲಿ ಎರಡು ತಪ್ಪು. ಹಿಂದೆ ಶುರುವಾಗಿ ಈಗಲೂ ನಡೀತಾ ಇದ್ರೆ ‘ಹ್ಯಾವ್ ಬೀನ್’. ಅವಧಿಗೆ ‘ಫಾರ್’, ಶುರುವಾದ ಹೊತ್ತಿಗೆ ‘ಸಿನ್ಸ್’: "ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್", "ಸಿನ್ಸ್ 2015". ಜ್ವರಕ್ಕೂ ಹಾಗೆಯೇ, "ಐ ಹ್ಯಾವ್ ಹ್ಯಾಡ್ ಫೀವರ್ ಸಿನ್ಸ್ ಮಂಡೇ". ಇಲ್ಲಿ ಎರಡು ‘ಹ್ಯಾವ್’ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳ್ತಾರೆ. ಮೊದಲನೆಯದು ಕಾಲ ಕಟ್ಟುವ ಸಹಾಯಕ, ಎರಡನೆಯದು ಜ್ವರ ‘ಇರುವ’ ಹ್ಯಾವ್. ಒಂದನ್ನು ತೆಗೆದ್ರೆ ವಾಕ್ಯ ಕುಂಟುತ್ತದೆ.

ಅಕ್ಷರಪ್ರಿಯ:
"ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಇದಕ್ಕೆ ಕಾರಣವೂ ಕನ್ನಡವೇನಾ?

ಪದಮೂಲ:
ನನ್ನ ಊಹೆ ಹೌದು ಅಂತ. ‘ಮಾಡ್ತಾ ಇದ್ದೇನೆ’ಗೆ ‘ಐ ಆಮ್ ಡೂಯಿಂಗ್’ ಅಂತ ಕಲಿಸಿರ್ತೀವಿ. ‘ಇದ್ದೇನೆ, ಇದ್ದಾರೆ’ ಕೇಳಿದ ಕೂಡಲೇ ‘ಆಮ್’ ಮತ್ತು ‘ಇಂಗ್’ ಎದ್ದು ಬರುತ್ತವೆ.

ಧಾರವಾಡ ಪೇಢಾ:
ಒಪ್ಪಂಗಿಲ್ರಿ. ಹಿಂದಿಯವ್ರು, ಬಂಗಾಳಿಯವ್ರು, ಮಲಯಾಳಿಗಳು ಎಲ್ಲಾರೂ "ಐ ಆಮ್ ಹ್ಯಾವಿಂಗ್" ಅಂತಾರ. ಕನ್ನಡ ಒಂದರ ಮ್ಯಾಲೆ ಹಾಕಿದ್ರ ಹೆಂಗ? ಶಾಲಿಯೊಳಗ ‘ಈಗ ನಡೆಯೋದಕ್ಕೆಲ್ಲ ಇಂಗ್’ ಅಂತ ಅರ್ಧ ನಿಯಮ ಹೇಳಿ ಬಿಟ್ಟಿದ್ದೂ ಒಂದು ಕಾರಣ.

ಪೂರಾ ನಿಯಮ ಸರಳ ಅದ. ‘ಹ್ಯಾವ್’ ಇರುವಿಕೆ ಆದ್ರ ‘ಇಂಗ್’ ಬ್ಯಾಡ, ಕೆಲಸ ಆದ್ರ ಬರತದ. ತಮ್ಮ, ಕಾರು, ಜ್ವರ, ಸಂಶಯ ಇವೆಲ್ಲ ಇರುವಿಕೆ, ಆರಂಭ ಮಾಡೂದು ನಿಲ್ಲಿಸೂದು ನಮ್ಮ ಕೈಯಾಗಿಲ್ಲ. ಊಟ, ಸ್ನಾನ, ಮಾತುಕತಿ, ಪಾರ್ಟಿ ಕೆಲಸ, ನಡುವ ನಿಲ್ಲಿಸಬಹುದು. "ವಿ ಆರ್ ಹ್ಯಾವಿಂಗ್ ಲಂಚ್" ಬರೋಬ್ಬರಿ ಅದ. "ವಿ ಆರ್ ಹ್ಯಾವಿಂಗ್ ಎ ಕಾರ್" ಅಂದ್ರ ಕಾರ್ ತಿನ್ನಾಕತ್ತೀರೇನು ಅಂತ ಕೇಳಬೇಕಾಗತದ. ‘ಹ್ಯಾವಿಂಗ್ ಟ್ರಬಲ್’, ‘ಹ್ಯಾವಿಂಗ್ ಎ ಬೇಬಿ’ ಅಂಥವು ಸರಿ. ಎರಡನೇದಕ್ಕ ಸದ್ಯದಾಗ ಹೆರಿಗಿ ಅದ ಅಂತ ಅರ್ಥ, ಮನ್ಯಾಗ ಕೂಸು ಅದ ಅಂತ ಅಲ್ಲ.

ನಾಲ್ಕನೇ ವಿಭಕ್ತಿ:
ಧಾರವಾಡದವರ ತಿದ್ದುಪಡಿ ನ್ಯಾಯವಾದದ್ದು. ಊಟದ ಮಾತು ಬಂತಲ್ಲ, ಇನ್ನೊಂದು. ನಾವು ಬಂದವರಿಗೆ "ಕಾಫಿ ತಗೊಳ್ಳಿ" ಅಂತೀವಿ, ಅದು ಇಂಗ್ಲಿಷಿಗೆ "ಟೇಕ್ ಕಾಫಿ" ಆಗಿ ಹೋಗುತ್ತೆ. ಉಪಚಾರಕ್ಕೆ ಅಲ್ಲಿ ‘ಹ್ಯಾವ್’: "ಪ್ಲೀಸ್ ಹ್ಯಾವ್ ಸಮ್ ಕಾಫಿ". ‘ಟೇಕ್’ ಅಂದರೆ ಎತ್ತಿಕೊಂಡು ಹೋಗಿ ಅನ್ನೋ ಛಾಯೆ. ಮಾತ್ರೆಗೆ ಮಾತ್ರ ‘ಟೇಕ್’. ಸ್ನಾನಕ್ಕೆ ಬ್ರಿಟನ್ನಿನವರು ‘ಹ್ಯಾವ್ ಎ ಬಾತ್’, ಅಮೆರಿಕದವರು ‘ಟೇಕ್ ಎ ಬಾತ್’. ಎರಡರಲ್ಲೂ ನಡುವಿನ ‘ಎ’ ಬಿಡಬಾರದು.

ಸಂಜೆಬಸ್:
‘ಹ್ಯಾವ್ ಟು’ಗೆ ಬರೋಣ. ಅದು ‘ಬೇಕು’. ಉಚ್ಚಾರಣೆ ‘ಹ್ಯಾವ್ ಟು’ ಅಲ್ಲ, ‘ಹ್ಯಾಫ್ ಟು’. ‘ಹ್ಯಾಸ್ ಟು’ನಲ್ಲೂ ಕಡೆಯ ಸದ್ದು ‘ಬಸ್’ನ ಸದ್ದು. ಇದು ಗೊತ್ತಿಲ್ಲದೆ ಕೇಳುವ ಪರೀಕ್ಷೆಗಳಲ್ಲಿ ‘ಹಾಫ್ ಟೂ’ ಅಂತ ಬರೆದವರಿದ್ದಾರೆ.

ನಿಷೇಧದಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತೆ. "ಹೋಗಬೇಕಾಗಿಲ್ಲ" ಅಂದರೆ ‘ಡೋಂಟ್ ಹ್ಯಾವ್ ಟು ಗೋ’, ಹೋದರೂ ತಪ್ಪಿಲ್ಲ. "ಹೋಗಬಾರದು, ಹೋಗಕೂಡದು" ಅಂದರೆ ‘ಮಸ್ಟ್ ನಾಟ್ ಗೋ’. ಔಷಧಿ ಚೀಟಿಯಲ್ಲೋ ಯಂತ್ರದ ಕೈಪಿಡಿಯಲ್ಲೋ ಇವೆರಡು ಅದಲು ಬದಲಾದರೆ ಅನಾಹುತ.

ಭೂತಕಾಲದಲ್ಲಿ ಮಾತ್ರ ಹುಷಾರು. "ಹೇಳಬೇಕಾಯಿತು", ಅಂದರೆ ಹೇಳಿದೆ, ಬೇರೆ ದಾರಿ ಇರಲಿಲ್ಲ: ‘ಐ ಹ್ಯಾಡ್ ಟು ಟೆಲ್’. "ಹೇಳಬೇಕಿತ್ತು", ಅಂದರೆ ಸಾಮಾನ್ಯವಾಗಿ ಹೇಳಲಿಲ್ಲ, ತಪ್ಪಾಯ್ತು: ‘ಐ ಶುಡ್ ಹ್ಯಾವ್ ಟೋಲ್ಡ್’. "ಐ ಹ್ಯಾಡ್ ಟು ಇನ್‌ಫಾರ್ಮ್ ಯೂ, ಸಾರಿ" ಅಂತ ಮೇಲ್ ಬರೆದರೆ ಓದಿದವರಿಗೆ ತಿಳಿಸಿದ್ದಕ್ಕೇ ಕ್ಷಮೆ ಕೇಳ್ತಿದ್ದಾರೆ ಅನ್ನಿಸುತ್ತೆ, ತಿಳಿಸದೇ ಇದ್ದದ್ದಕ್ಕಲ್ಲ.

ಪದಮೂಲ:
‘ಶುಡ್ ಹ್ಯಾವ್’ ವೇಗದಲ್ಲಿ ‘ಶುಡವ್’ ಆಗುತ್ತೆ. ಅದನ್ನ ಕೇಳಿ ಕೇಳಿ ಹುಟ್ಟಾ ಇಂಗ್ಲಿಷಿನವರೇ ‘ಶುಡ್ ಆಫ್’ ಅಂತ, ‘ಅದರ’ ಅನ್ನೋ ಪದ ಹಾಕಿ, ಬರೆಯೋದುಂಟು. ಪುಸ್ತಕದಿಂದ ಕಲಿತ ನಮ್ಮವರು ಇದೊಂದು ತಪ್ಪು ಮಾಡೋದು ಕಡಿಮೆ.

ಅಕ್ಷರಪ್ರಿಯ:
ಪ್ರಶ್ನೆ ಮಾಡುವಾಗ? ‘ಹ್ಯಾವ್ ಯೂ ಎ ಪೆನ್’, ‘ಡು ಯೂ ಹ್ಯಾವ್ ಎ ಪೆನ್’, ‘ಹ್ಯಾವ್ ಯೂ ಗಾಟ್ ಎ ಪೆನ್’, ಮೂರೂ ಕೇಳಿದ್ದೀನಿ.

ಕಡಲತೀರ:
ಮೂರೂ ಇಂಗ್ಲಿಷೇ. ಮೊದಲನೆಯದು ಹಳೇ ಬ್ರಿಟಿಷ್ ಧಾಟಿ, ಈಗ ಪುಸ್ತಕದಲ್ಲಿ ಸಿಗ್ತದೆ. ಎರಡನೆಯದು ಎಲ್ಲಾ ಕಡೆ ಸಲ್ಲುತ್ತದೆ, ಅದನ್ನೇ ಕಲಿಸಿ. ಮೂರನೆಯದು ಬ್ರಿಟನ್ನಿನ ಆಡುಮಾತು. ‘ಡು, ಡಸ್, ಡಿಡ್’ ಬಂದ ಮೇಲೆ ಹಿಂದೆ ಬರಿ ‘ಹ್ಯಾವ್’. ‘ಡಸ್ ಹಿ ಹ್ಯಾಸ್’, ‘ಡಿಡ್ ಯೂ ಹ್ಯಾಡ್’ ಎರಡೂ ತಪ್ಪು, ಕಾಲವನ್ನು ‘ಡಿಡ್’ ಆಗಲೇ ಹೊತ್ತಾಗಿದೆ.

ಎಲ್ಲಿ ಸಹಾಯಕ, ಎಲ್ಲಿ ಮುಖ್ಯ ಅಂತ ಗೊತ್ತಾಗದಿದ್ರೆ ಕೊನೆಗೆ ‘ಅಲ್ವಾ’ ಸೇರಿಸಿ ನೋಡಿ. "ಯೂ ಹ್ಯಾವ್ ಸೀನ್ ಇಟ್"ಗೆ ‘ಹ್ಯಾವಂಟ್ ಯೂ’ ಬರ್ತದೆ, ಅದು ಸಹಾಯಕ. "ಯೂ ಹ್ಯಾವ್ ಎ ಕಾರ್", "ಯೂ ಹ್ಯಾವ್ ಟು ಗೋ" ಎರಡಕ್ಕೂ ‘ಡೋಂಟ್ ಯೂ’, ಅವು ಮುಖ್ಯ. ಇಂಗ್ಲಿಷಿಗೆ ಇಷ್ಟು ರಗಳೆ, ನಮಗೆ ಎಲ್ಲದಕ್ಕೂ ಒಂದೇ ‘ಅಲ್ವಾ’.

ನಾಲ್ಕನೇ ವಿಭಕ್ತಿ:
ಕೊನೆಗೆ ಉಳಿದದ್ದು ‘ಐ ಹ್ಯಾಡ್ ಇಟ್ ರಿಪೇರ್ಡ್’. ಇದು ನಮ್ಮ ‘ಇಸು’ ಪ್ರತ್ಯಯ: ಮಾಡು, ಮಾಡಿಸು. "ಕಟಿಂಗ್ ಮಾಡಿಸಿಕೊಂಡೆ" ಅಂದರೆ "ಐ ಹ್ಯಾಡ್ ಮೈ ಹೇರ್ ಕಟ್". ಪದಗಳ ಸಾಲೇ ಇಲ್ಲಿ ಎಲ್ಲಾ. ‘ಹ್ಯಾಡ್’ ಆದಮೇಲೆ ವಸ್ತು, ಅದಾದ ಮೇಲೆ ಕ್ರಿಯೆಯ ಮೂರನೇ ರೂಪ. ವಸ್ತುವನ್ನ ಕೊನೆಗೆ ತಳ್ಳಿ "ಐ ಹ್ಯಾಡ್ ಕಟ್ ಮೈ ಹೇರ್" ಅಂದಿರೋ, ನೀವೇ ಕತ್ತರಿ ಹಿಡಿದು ಕತ್ತರಿಸಿಕೊಂಡಿದ್ದಿರಿ ಅಂತಾಯ್ತು.

ಯಾರ ಕೈಲಿ ಮಾಡಿಸಿದ್ದು ಅಂತ ಹೇಳಬೇಕಾದರೆ ಆ ವ್ಯಕ್ತಿ, ಆಮೇಲೆ ಕ್ರಿಯೆಯ ಮೂಲರೂಪ: "ಐ ಹ್ಯಾಡ್ ದ ಎಲೆಕ್ಟ್ರಿಷಿಯನ್ ಚೆಕ್ ದ ವೈರಿಂಗ್". ನಡುವೆ ‘ಟು’ ಇಲ್ಲ. ಇದೇ ಜಾಗಕ್ಕೆ ‘ಗೆಟ್’ ತಂದರೆ ‘ಟು’ ಬೇಕು: "ಐ ಗಾಟ್ ದ ಎಲೆಕ್ಟ್ರಿಷಿಯನ್ ಟು ಚೆಕ್". ಎರಡನೆಯದರಲ್ಲಿ ಒಂಚೂರು ಪುಸಲಾಯಿಸಿ ಮಾಡಿಸಿದ ವಾಸನೆ ಇರುತ್ತೆ. ‘ಹ್ಯಾವ್’ನಲ್ಲಿ ಹೇಳಿದೆ, ಮಾಡಿದ, ಅಷ್ಟೇ.

ಧಾರವಾಡ ಪೇಢಾ:
ಆದ್ರ ಎಲ್ಲಾ ಕಡೆ ‘ಇಸು’ ಹಚ್ಚಬ್ಯಾಡ್ರಿ. "ಹಿ ಹ್ಯಾಡ್ ಹಿಸ್ ಫೋನ್ ಸ್ಟೋಲನ್" ಅಂದ್ರ ಫೋನ್ ಕಳವು ಮಾಡಿಸಿದ ಅಂತಲ್ಲ, ಅವನ ಫೋನ್ ಕಳುವಾತು. ಸಾಲು ಅದss, ಅರ್ಥ ತಿರುಗಾಮುರುಗಾ. ಬೇಕಾಗಿ ಆಗೂ ಕೆಲಸನೋ ಬ್ಯಾಡಾಗಿ ಬಂದ ಕೇಡೋ ಅಂತ ನೋಡಿ ತಿಳ್ಕೋಬೇಕು. "ಐ ಹ್ಯಾವ್ ಬೀನ್ ಹ್ಯಾಡ್" ಅಂದ್ರ ಇನ್ನೂ ಬ್ಯಾರೆ, ನನಗ ಟೋಪಿ ಹಾಕಿದ್ರು ಅಂತ.

ಪದಮೂಲ:
ಒಂದು ‘ಹ್ಯಾವ್’ನ ಸುತ್ತ ಒಬ್ಬನ ಪ್ರಾಣವೇ ನೇತಾಡಿದ್ದೂ ಇದೆ. 1952ರ ನವೆಂಬರ್ 2ರ ರಾತ್ರಿ ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ ಗೋದಾಮಿನ ಮಾಡಿನ ಮೇಲೆ ಇಬ್ಬರು ಹುಡುಗರು ಪೊಲೀಸರ ಕಣ್ಣಿಗೆ ಬಿದ್ದರು. 16 ವರ್ಷದ ಕ್ರಿಸ್ಟೋಫರ್ ಕ್ರೇಗ್ ಕೈಯಲ್ಲಿ ರಿವಾಲ್ವರ್ ಇತ್ತು. 19 ವರ್ಷದ ಡೆರೆಕ್ ಬೆಂಟ್ಲಿ "ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್" ಅಂದ ಅಂತ ಪೊಲೀಸರ ಸಾಕ್ಷ್ಯ. ಕಾನ್‌ಸ್ಟೇಬಲ್ ಸಿಡ್ನಿ ಮೈಲ್ಸ್ ಗುಂಡಿಗೆ ಬಲಿಯಾದರು. ಆ ಮಾತು "ಬಿಡಬೇಡ, ಹೊಡಿ" ಅಂತಲೂ ಆಗುತ್ತೆ, "ಅದನ್ನ ಅವರಿಗೆ ಕೊಟ್ಟುಬಿಡು" ಅಂತಲೂ ಆಗುತ್ತೆ. ಪ್ರಾಸಿಕ್ಯೂಷನ್ ಮೊದಲನೆಯದನ್ನೇ ಹಿಡೀತು. ಅಂಥ ಮಾತು ಆಡಿಯೇ ಇಲ್ಲ ಅಂತ ಇಬ್ಬರೂ ಹೇಳಿದರು. ಗುಂಡು ಹಾರಿಸಿದ ಕ್ರೇಗ್ ವಯಸ್ಸಿನ ದೆಸೆಯಿಂದ ಗಲ್ಲು ತಪ್ಪಿಸಿಕೊಂಡ. ಬೆಂಟ್ಲಿಯನ್ನ 1953ರ ಜನವರಿ 28ರಂದು ಗಲ್ಲಿಗೇರಿಸಿದರು. ವಿಚಾರಣೆ ನ್ಯಾಯವಾಗಿ ನಡೆದಿರಲಿಲ್ಲ ಅಂತ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಶಿಕ್ಷೆಯ ತೀರ್ಪನ್ನ ರದ್ದು ಮಾಡಿತು. ಕನ್ನಡದಲ್ಲಾಗಿದ್ದರೆ ‘ಕೊಡು’ ಮತ್ತು ‘ಹೊಡಿ’ ಎರಡು ಬೇರೆ ಪದ. ಆದರೂ "ಕೊಡು ಅವನಿಗೆ" ಅಂತ ಹಲ್ಲುಕಚ್ಚಿ ಹೇಳಿದರೆ ನಮ್ಮಲ್ಲೂ ಅದೇ ಗೊಂದಲ.

ಅಕ್ಷರಪ್ರಿಯ:
ಅಬ್ಬಾ. ಒಂದು ಬಾಕಿ ಇದೆ: "ಯೂ’ಡ್ ಬೆಟರ್ ಗೋ" ಇದರಲ್ಲಿರೋ ‘ಡ್’ ಯಾವುದು? ‘ವುಡ್’ ಅಲ್ವಾ?

ಸಂಜೆಬಸ್:
ಅಲ್ಲ, ‘ಹ್ಯಾಡ್’. ಮೊಟಕಾದ ‘ಡ್’ ಕಂಡಾಗ ಮುಂದಿನ ಪದ ನೋಡಿ. ಮೂರನೇ ರೂಪ ಇದ್ದರೆ ‘ಹ್ಯಾಡ್’ (ಹಿ’ಡ್ ಗಾನ್), ಮೂಲರೂಪ ಇದ್ದರೆ ‘ವುಡ್’ (ಹಿ’ಡ್ ಗೋ), ‘ಬೆಟರ್’ ಇದ್ದರೆ ಮತ್ತೆ ‘ಹ್ಯಾಡ್’. ರೂಪ ಭೂತಕಾಲದ್ದು, ಮಾತು ಮಾತ್ರ ಈಗಿನದೋ ಮುಂದಿನದೋ. ಆಮೇಲೆ ‘ಟು’ ಬರಲ್ಲ. ‘ಯೂ ಬೆಟರ್ ಟು ಗೋ’ ತಪ್ಪು.

‘ಹೋಗೋದು ಒಳ್ಳೇದು’ ಅಂತ ಅನುವಾದ ಹೇಳಿಕೊಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಇದರ ಬೆನ್ನಿಗೆ ‘ಇಲ್ಲದಿದ್ರೆ ನೋಡು’ ಅನ್ನೋ ಎಚ್ಚರಿಕೆ ಅಂಟಿರುತ್ತೆ. ಮಕ್ಕಳಿಗೆ, ಸ್ನೇಹಿತರಿಗೆ ಸರಿ. ಸಾಹೇಬರಿಗೆ "ಯೂ ಹ್ಯಾಡ್ ಬೆಟರ್ ಸೈನ್ ದಿಸ್ ಟುಡೇ" ಅಂತ ಬರೆದರೆ ಅವರ ಕಿವಿಗೆ "ಇವತ್ತೇ ಸಹಿ ಹಾಕಿದ್ರೆ ನಿಮಗೇ ಒಳ್ಳೇದು" ಅನ್ನೋ ಥರ ಕೇಳುತ್ತೆ. ಅಲ್ಲಿಗೆ "ಕುಡ್ ಯೂ ಪ್ಲೀಸ್ ಸೈನ್ ದಿಸ್ ಟುಡೇ" ಸಾಕು.